ಸೋಯಾಅವರೆ ಹೊಲದಲ್ಲಿ ಕೀಟ ಎಣಿಸುವುದು ಹೇಗೆ, ಔಷಧಿ ಹೊಡೆಯುವುದು ಯಾವಾಗ? ಪದೇ ಪದೇ ಕೇಳುವ ಪ್ರಶ್ನೆಗಳು

ಸೋಯಾಅವರೆಯಲ್ಲಿ ಕೀಟ ಕಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: ಯಾವ ಔಷಧಿ ಹೊಡೆಯಲಿ? ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಎಷ್ಟು ಹುಳು ಇವೆ, ಹೇಗೆ ಎಣಿಸಿದಿರಿ, ಬೆಳೆ ಯಾವ ಹಂತದಲ್ಲಿದೆ? ಕೆಳಗಿನ ಪ್ರಶ್ನೋತ್ತರಗಳು ಈ ಮೂರರ ಸುತ್ತಲೇ ಇವೆ.

ಹುಳು ಕಣ್ಣಿಗೇ ಕಾಣ್ತಿವೆ. ಎಣಿಸೋದು ಯಾಕೆ?

ಕಣ್ಣಿಗೆ ಕಾಣುವುದು ಹೊಲದ ಒಂದು ಮೂಲೆ ಮಾತ್ರ. ನಾವು ಹೆಚ್ಚಾಗಿ ನಿಲ್ಲುವುದು ಬದುವಿನ ಮೇಲೆ. ನೋಟ ಹೋಗುವುದು ತೂತು ಬಿದ್ದ ಎಲೆಯ ಕಡೆಗೆ. ಹೀಗೆ ನೋಡಿದರೆ ಹಾನಿ ಇರುವುದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಒಮ್ಮೊಮ್ಮೆ ಇದು ಉಲ್ಟಾ ಆಗುತ್ತದೆ. ಮೇಲಿನ ಎಲೆಗಳು ಹಸಿರಾಗಿ ನಳನಳಿಸುತ್ತಿರುತ್ತವೆ, ಒಳಗೆ ತಿಗಣೆಗಳು ಕಾಯಿಗೆ ಸೂಜಿಮೂತಿ ಚುಚ್ಚಿ ಕಾಳಿನ ರಸ ಹೀರುತ್ತಿರುತ್ತವೆ.

ಇನ್ನೊಂದು ಕಾರಣ ಗಿಡದ್ದೇ. ಸೋಯಾಅವರೆ ತನಗೆ ಬೇಕಾದ್ದಕ್ಕಿಂತ ಹೆಚ್ಚು ಎಲೆ ಬಿಡುತ್ತದೆ. ಮೇಲಿನ ಎಲೆ ಸ್ವಲ್ಪ ಹೋದರೆ ಬಿಸಿಲು ಕೆಳಗಿನ ಎಲೆಗೆ ಇಳಿಯುತ್ತದೆ, ಅದು ಕೆಲಸ ಶುರು ಮಾಡುತ್ತದೆ. ಹಾಗಾಗಿ ಎಲೆ ಹೋದಷ್ಟೂ ಇಳುವರಿ ಹೋಗುತ್ತದೆ ಎಂಬ ಲೆಕ್ಕ ಈ ಬೆಳೆಗೆ ಸರಿಹೊಂದುವುದಿಲ್ಲ. ಬೇಡದಾಗ ಹೊಡೆದರೆ ದುಡ್ಡು ಹೋಗುವುದು ಒಂದು ಕಡೆ, ಹಾನಿ ಮಾಡುವ ಹುಳುಗಳನ್ನು ತಿನ್ನುವ ಮಿತ್ರ ಕೀಟಗಳು ಸಾಯುವುದು ಇನ್ನೊಂದು ಕಡೆ. ಅವು ಹೋದ ಮೇಲೆ ಬಿಳಿ ನೊಣವೋ ಜೇಡನುಸಿಯೋ ತಲೆ ಎತ್ತುತ್ತದೆ. ಆಗ ಮತ್ತೊಂದು ಔಷಧಿ.

ಆರ್ಥಿಕ ಹಾನಿ ಮಟ್ಟ ಅಂತಾರಲ್ಲ, ಹಾಗಂದರೇನು?

ಹುಳು ಮಾಡುವ ನಷ್ಟ ಮತ್ತು ಸಿಂಪರಣೆಯ ಖರ್ಚು ಸರಿಸಮ ಆಗುವ ಸಂಖ್ಯೆಯೇ ಆರ್ಥಿಕ ಹಾನಿ ಮಟ್ಟ. ಅದಕ್ಕಿಂತ ಕಡಿಮೆ ಹುಳು ಇದ್ದಾಗ ಹೊಡೆದರೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಈ ವಿಚಾರಕ್ಕೆ ಸ್ಪಷ್ಟ ರೂಪ ಸಿಕ್ಕಿದ್ದು 1959ರಲ್ಲಿ. ಕ್ಯಾಲಿಫೋರ್ನಿಯಾದ ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಶ್ ಮತ್ತು ಹೇಗನ್ ಎಂಬ ನಾಲ್ವರು ವಿಜ್ಞಾನಿಗಳು ಅದನ್ನು ಬರೆದಿಟ್ಟರು.

ಲೆಕ್ಕ ಹೀಗೆ. ಮೇಲೆ ಸಿಂಪರಣೆಯ ಖರ್ಚು ಇಡಿ. ಕೆಳಗೆ ನಾಲ್ಕನ್ನು ಗುಣಿಸಿ ಇಡಿ: ಕಾಳಿನ ಬೆಲೆ, ಒಂದು ಹುಳು ಗಿಡಕ್ಕೆ ಮಾಡುವ ಗಾಯ, ಆ ಗಾಯದಿಂದ ಕಡಿಮೆಯಾಗುವ ಇಳುವರಿ, ಔಷಧಿಯಿಂದ ಆ ಹಾನಿಯಲ್ಲಿ ತಪ್ಪುವ ಪಾಲು. ಮೇಲಿನದನ್ನು ಕೆಳಗಿನದರಿಂದ ಭಾಗಿಸಿದರೆ ಮಟ್ಟ ಸಿಗುತ್ತದೆ. ಕಾಳಿಗೆ ಬೆಲೆ ಏರಿದರೆ ಮಟ್ಟ ಇಳಿಯುತ್ತದೆ, ಅಂದರೆ ಕಡಿಮೆ ಹುಳುವಿಗೂ ಹೊಡೆಯುವುದು ಲಾಭ. ಔಷಧಿ ದುಬಾರಿಯಾದರೆ ಮಟ್ಟ ಏರುತ್ತದೆ.

ಆದರೆ ಆ ಮಟ್ಟ ಮುಟ್ಟುವ ತನಕ ಕಾಯುತ್ತಾ ಕೂತರೆ ತಡವಾಗುತ್ತದೆ. ಔಷಧಿ ತರಬೇಕು, ಆಳು ಬೇಕು, ಮಳೆ ನಿಲ್ಲಬೇಕು. ಅದಕ್ಕೇ ಅದಕ್ಕಿಂತ ಕೆಳಗೆ ಇನ್ನೊಂದು ಗೆರೆ ಎಳೆದಿರುತ್ತಾರೆ. ಕೃಷಿ ಸಿಬ್ಬಂದಿ ಇಟಿಎಲ್ ಅನ್ನುವುದು ಈ ಗೆರೆಯನ್ನೇ. ಈ ಪುಟದಲ್ಲಿ ಅದನ್ನು ‘ಸಿಂಪರಣೆ ಮಟ್ಟ’ ಅನ್ನೋಣ. ಅಮೆರಿಕದಲ್ಲಿ ಸೋಯಾ ಸಸ್ಯಹೇನಿಗೆ ಆರ್ಥಿಕ ಹಾನಿ ಮಟ್ಟ ಗಿಡಕ್ಕೆ ಸುಮಾರು 670 ಹೇನು. ಸಿಂಪರಣೆ ಮಟ್ಟ ಮಾತ್ರ 250. ನಡುವಿನ ಅಂತರ ಸುಮಾರು ಒಂದು ವಾರದ ಬಿಡುವು.

ಹೊಲಕ್ಕೆ ಹೋಗುವಾಗ ಏನೇನು ಒಯ್ಯಬೇಕು?

ಒಂದು ಮೀಟರ್ ಉದ್ದದ ಬಿಳಿ ಬಟ್ಟೆ, ಅದರ ಎರಡೂ ಅಂಚಿಗೆ ಕಟ್ಟಿದ ಕೋಲು. ಭೂತಗನ್ನಡಿ. ಪುಸ್ತಕ, ಪೆನ್ಸಿಲ್ (ಇಬ್ಬನಿಯಲ್ಲಿ ಪೆನ್ನು ಕೈಕೊಡುತ್ತದೆ). ಕಾಂಡ ಸೀಳಲು ಚಾಕು. ಗುರುತು ಸಿಗದ ಹುಳು ಹಾಕಿಕೊಳ್ಳಲು ಒಂದೆರಡು ಡಬ್ಬಿ. ಬೀಸು ಬಲೆ ಇದ್ದರೆ ಅದೂ ಇರಲಿ. ಇಷ್ಟು ಸಾಕು.

ಬಟ್ಟೆ ಹಾಸಿ ಎಣಿಸುವುದು ಹೇಗೆ?

ಎರಡು ಸಾಲಿನ ನಡುವೆ ಬಟ್ಟೆ ಹಾಸಬೇಕು. ನೀವು ಕಾಲಿಡುವಾಗ ಆ ಗಿಡಗಳಿಗೆ ತಾಗಬಾರದು. ತಾಗಿದರೆ ದುಂಬಿ ಹಾರಿಹೋಗುತ್ತದೆ, ಕೆಲವು ಕೀಡೆ ಅಲ್ಲೇ ಉದುರಿ ಮಣ್ಣು ಸೇರುತ್ತವೆ. ಆದ್ದರಿಂದ ಬಟ್ಟೆಯನ್ನು ಸುರುಳಿ ಸುತ್ತಿಕೊಂಡು ಬಂದು, ಗಿಡದ ಬುಡದ ಹತ್ತಿರ ಇಟ್ಟು, ಮೆಲ್ಲಗೆ ಬಿಡಿಸಿ.

ಈಗ ಒಂದು ಮೀಟರ್ ಉದ್ದದಲ್ಲಿರುವ ಗಿಡಗಳನ್ನು ಬಟ್ಟೆಯ ಮೇಲೆ ಬಗ್ಗಿಸಿ ಜೋರಾಗಿ ಕೊಡವಿ. ನಾಜೂಕಾಗಿ ಅಲುಗಾಡಿಸಿದರೆ ಸಾಲದು. ಸೆಮಿಲೂಪರ್ ಕೀಡೆ, ಅಂದರೆ ಬೆನ್ನನ್ನು ಕಮಾನು ಮಾಡಿ ನಡೆಯುವ ಹಸಿರು ಹುಳು, ಎಲೆಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಕೊಡವಿದ ಮೇಲೆ ಗಿಡ ಬಿಟ್ಟು ಕೂಡಲೇ ಎಣಿಸಲು ಶುರು ಮಾಡಿ. ಮೊದಲು ಹಾರುವವು ಮತ್ತು ಓಡುವವು: ದುಂಬಿ, ದೊಡ್ಡ ತಿಗಣೆ. ಆಮೇಲೆ ಕೀಡೆ, ಕೊನೆಗೆ ತಿಗಣೆಯ ಮರಿಗಳು. ಉದುರಿದ ಹೂವು, ಒಣ ಎಲೆಯ ಚೂರುಗಳ ನಡುವೆ ಮರಿಗಳು ಅಲುಗಾಡದೆ ಕೂರುತ್ತವೆ. ಬಟ್ಟೆಯನ್ನು ಅರೆಗಳಿಗೆ ಹಾಗೇ ಬಿಟ್ಟು ನೋಡಿದರೆ ಕಸ ಅನ್ನಿಸಿದ್ದು ನಡೆಯಲು ಶುರು ಮಾಡುತ್ತದೆ.

ಒಂದು ಸಾಲನ್ನು ಕೊಡವಿದಿರೋ, ಎರಡೂ ಬದಿಯ ಸಾಲನ್ನು ಕೊಡವಿದಿರೋ ಅದನ್ನು ಬರೆದುಕೊಳ್ಳಿ. ಎರಡೂ ಬದಿ ಕೊಡವಿದ್ದರೆ ಅದು ಎರಡು ಮೀಟರ್ ಸಾಲಿನ ಲೆಕ್ಕ. ಮೀಟರಿಗೆ ಎಷ್ಟು ಅನ್ನಲು ಅರ್ಧ ಮಾಡಬೇಕು. ಇಲ್ಲಿ ತಪ್ಪಿದರೆ ಸಂಖ್ಯೆ ನೇರವಾಗಿ ದುಪ್ಪಟ್ಟಾಗುತ್ತದೆ.

ಬೀಸು ಬಲೆ ಯಾವಾಗ ಬಳಸಬೇಕು?

ಸಾಲುಗಳು ಹತ್ತಿರವಿದ್ದು ಬಟ್ಟೆ ಹಾಸಲು ಜಾಗವೇ ಇಲ್ಲದಾಗ. ಸಾಮಾನ್ಯವಾಗಿ ಬಳಸುವ ಬಲೆಯ ಬಾಯಿ 38 ಸೆಂಟಿಮೀಟರ್ ಅಗಲ. ಒಂದು ಹೆಜ್ಜೆಗೆ ಒಂದು ಬೀಸು. ಬಲೆಯ ಮೇಲಂಚು ಗಿಡದ ತುದಿಯ ಮಟ್ಟಕ್ಕೆ ಬರಬೇಕು, ಕೆಳ ಅಂಚು ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಆಗ ಬಡಿತಕ್ಕೆ ಉದುರಿದ ಹುಳು ಬಲೆಯೊಳಗೇ ಬೀಳುತ್ತದೆ. 20 ಅಥವಾ 25 ಬೀಸು ಆದ ಮೇಲೆ ಬಲೆಯ ಬಾಯಿ ತಿರುಚಿ ಹಿಡಿದು, ನಿಧಾನವಾಗಿ ಬಿಚ್ಚುತ್ತಾ ಎಣಿಸಿ.

ಬೀಸುವವರ ಕೈ ಮೇಲೆ ಲೆಕ್ಕ ಬದಲಾಗುತ್ತದೆ. ಒಬ್ಬರು ರಭಸದಿಂದ ಬೀಸುತ್ತಾರೆ, ಇನ್ನೊಬ್ಬರು ಸುಮ್ನೆ ಎಲೆಯ ಮೇಲೆ ಸವರುತ್ತಾರೆ. ಹಂಗಾಮು ಪೂರ್ತಿ ಒಬ್ಬರೇ ಬೀಸಿದರೆ ಈ ವಾರದ ಸಂಖ್ಯೆಯನ್ನು ಹೋದ ವಾರದ್ದರ ಜೊತೆ ಹೋಲಿಸಬಹುದು. ಎಲೆ ಒದ್ದೆಯಿದ್ದರೆ ಬಲೆ ಬೇಡ. ಬಟ್ಟೆ ನೆನೆದು, ಹುಳುಗಳೆಲ್ಲ ಅಂಟಿಕೊಂಡು ಮುದ್ದೆಯಾಗುತ್ತವೆ.

ಬಲೆಯ ಲೆಕ್ಕವನ್ನು ಮೀಟರ್ ಲೆಕ್ಕಕ್ಕೆ ಬದಲಿಸಬಹುದಾ?

ಬೇಡ. ಬಟ್ಟೆಯ ಲೆಕ್ಕಕ್ಕೆ ಇಂತಿಷ್ಟು ಉದ್ದದ ಸಾಲು ಎಂಬ ಅಳತೆ ಇದೆ. ಬಲೆಯ ಲೆಕ್ಕ ಇಷ್ಟು ಬೀಸಿಗೆ ಇಷ್ಟು ಎಂಬುದಷ್ಟೇ. ಅದು ಗಿಡದ ಎತ್ತರ, ಗಾಳಿ, ಹೊತ್ತು, ಕೈ ಎಲ್ಲದರ ಮೇಲೂ ನಿಂತಿದೆ. ಬಲೆ ಗಿಡದ ಮೇಲ್ಭಾಗವನ್ನಷ್ಟೇ ಗೋರುತ್ತದೆ, ಕೆಳಗಿನ ಕೀಡೆ ಸಿಗುವುದಿಲ್ಲ. ಯಾವ ಕೋಷ್ಟಕ ನೋಡಿದರೂ ಸಂಖ್ಯೆಯ ಪಕ್ಕ ವಿಧಾನ ಬರೆದಿದೆಯಾ ಎಂದು ಹುಡುಕಿ. ‘ನಾಲ್ಕು ಹುಳು ಕಂಡರೆ ಹೊಡೆಯಿರಿ’ ಎಂಬ ಸಲಹೆ ಬಂದರೆ ಕೇಳಬೇಕಾದ್ದು ಇಷ್ಟೇ: ನಾಲ್ಕು ಯಾವುದಕ್ಕೆ? ಗಿಡಕ್ಕಾ, ಮೀಟರಿಗಾ, 25 ಬೀಸಿಗಾ?

ಎಷ್ಟು ಕಡೆ ಎಣಿಸಿದರೆ ಸಾಕು?

ಕೀಟಗಳು ಹೊಲದಲ್ಲಿ ಸಮನಾಗಿ ಹರಡಿರುವುದಿಲ್ಲ. ತಂಬಾಕು ಕೀಡೆಯ, ಅಂದರೆ ಸ್ಪೊಡಾಪ್ಟೆರಾದ ಪತಂಗ ನೂರಾರು ಮೊಟ್ಟೆಗಳನ್ನು ಒಂದೇ ಎಲೆಯ ಮೇಲೆ ಗುಂಪಾಗಿ ಇಟ್ಟು ಕಂದು ರೋಮ ಮುಚ್ಚುತ್ತದೆ. ಒಡೆದ ಮರಿಗಳು ಮೊದಮೊದಲು ಅಲ್ಲೇ ಒಟ್ಟಾಗಿ ಎಲೆಯ ಹಸಿರು ಕೆರೆದು ತಿನ್ನುತ್ತವೆ. ಆ ಗಿಡದ ಎಲೆಗಳು ತೆಳು ಕಾಗದದಂತೆ ಬಿಳುಚಿರುತ್ತವೆ, ಎರಡು ಹೆಜ್ಜೆ ಆಚೆಯ ಗಿಡದಲ್ಲಿ ಒಂದು ಹುಳುವೂ ಇರುವುದಿಲ್ಲ. ನಿಮ್ಮ ಬಟ್ಟೆ ಎಲ್ಲಿ ಬಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಬ್ರೆಜಿಲ್‌ನ ಶಿಫಾರಸು ಒಂದು ಒಳ್ಳೆಯ ಅಂದಾಜು ಕೊಡುತ್ತದೆ: 10 ಹೆಕ್ಟೇರ್‌ಗಿಂತ ಚಿಕ್ಕ ಹೊಲಕ್ಕೆ 6 ಜಾಗ, 30 ಹೆಕ್ಟೇರ್‌ವರೆಗೆ 8, 100 ಹೆಕ್ಟೇರ್‌ವರೆಗೆ 10. ಅದಕ್ಕಿಂತ ದೊಡ್ಡದಾದರೆ ಹೊಲವನ್ನು ಭಾಗ ಮಾಡಿ ನೋಡಬೇಕು. ಗಮನಿಸಿ, ಹೊಲ ಚಿಕ್ಕದೆಂದು ಒಂದೋ ಎರಡೋ ಜಾಗಕ್ಕೆ ಇಳಿಸಿಲ್ಲ. ಬಿತ್ತಿದ ದಿನ ಅಥವಾ ತಳಿ ಬೇರೆಯಾದರೆ ಅದನ್ನು ಬೇರೆ ಹೊಲ ಎಂದೇ ಲೆಕ್ಕ ಹಿಡಿಯಿರಿ.

ಅಂಕುಡೊಂಕಾಗಿ ಹೊಲವಿಡೀ ನಡೆಯಿರಿ. ನಿಲ್ಲುವ ಜಾಗವನ್ನು ಮೊದಲೇ ಹೆಜ್ಜೆ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಕಾಲು ತಾನಾಗಿ ಹಾನಿಯಾದ ಗಿಡದ ಕಡೆಗೆ ತಿರುಗುತ್ತದೆ.

ಸರಾಸರಿ ತೆಗೆದರೆ ಆಯ್ತಲ್ವಾ?

ಪೂರ್ತಿ ಆಗಲಿಲ್ಲ. ಆರು ಜಾಗದಲ್ಲಿ ತಿಗಣೆ ಎಣಿಸಿದಿರಿ ಎಂದುಕೊಳ್ಳಿ: 0, 1, 0, 9, 1, 1. ಒಟ್ಟು 12, ಸರಾಸರಿ 2. ಇನ್ನೊಂದು ಹೊಲದಲ್ಲಿ 2, 3, 2, 1, 2, 2. ಅಲ್ಲೂ ಸರಾಸರಿ 2. ಎರಡಕ್ಕೂ ಒಂದೇ ತೀರ್ಮಾನ ಸರಿಯಾ?

ಎರಡನೆಯ ಹೊಲದಲ್ಲಿ ತಿಗಣೆ ಎಲ್ಲೆಡೆ ಹರಡಿದೆ, ಆ ಸರಾಸರಿಯನ್ನು ನಂಬಬಹುದು. ಮೊದಲನೆಯದರಲ್ಲಿ ಒಂದು ಕಡೆ ಗುಂಪು ಬಿದ್ದಿದೆ, ಉಳಿದ ಕಡೆ ಒಂದೋ ಸೊನ್ನೆಯೋ ಅಷ್ಟೇ. ಅಲ್ಲಿ ಮಾಡಬೇಕಾದ್ದು ಆ 9 ಸಿಕ್ಕ ಜಾಗದ ಸುತ್ತ ಇನ್ನೂ ನಾಲ್ಕೈದು ಕಡೆ ಬಟ್ಟೆ ಹಾಸಿ ಗುಂಪು ಎಷ್ಟು ದೂರ ಹಬ್ಬಿದೆ ಎಂದು ನೋಡುವುದು. ಆ ಪಟ್ಟಿಗೆ ಮಾತ್ರ ಹೊಡೆದರೆ ಮುಗಿಯಬಹುದು. ಅದಕ್ಕೇ ಪುಸ್ತಕದಲ್ಲಿ ಸರಾಸರಿ ಮಾತ್ರ ಬರೆಯಬೇಡಿ, ಪ್ರತಿ ಜಾಗದ ಸಂಖ್ಯೆ ಬರೆಯಿರಿ.

ಬದುವಿನ ಪಕ್ಕದ ಸಾಲುಗಳನ್ನು ಸೇರಿಸಬೇಕಾ?

ಬೇರೆಯಾಗಿ ನೋಡಿ, ಬೇರೆಯಾಗಿ ಬರೆಯಿರಿ. ತಿಗಣೆ, ಜೇಡನುಸಿ ಇವೆಲ್ಲ ಹೆಚ್ಚಾಗಿ ಅಂಚಿನಿಂದಲೇ ಒಳಗೆ ಬರುತ್ತವೆ. ಅಂಚಿನ ಲೆಕ್ಕವನ್ನು ಒಳಗಿನದಕ್ಕೆ ಸೇರಿಸಿದರೆ ಇಡೀ ಹೊಲದ ಚಿತ್ರ ಕೆಡುತ್ತದೆ. ಹಾಗಂತ ಅಂಚನ್ನು ಬಿಟ್ಟೇಬಿಟ್ಟರೆ ಮೊದಲ ಸುಳಿವು ತಪ್ಪಿಹೋಗುತ್ತದೆ. ಪಕ್ಕದ ಹೊಲದಲ್ಲಿ ಕೊಯ್ಲು ಆದ ವಾರ ಅಂಚಿನ ಕಡೆ ಒಂದು ಸುತ್ತು ಹೆಚ್ಚಿಗೆ ಹಾಕಿ. ಊಟ ತಪ್ಪಿದ ಕೀಟಗಳು ಹಸಿರು ಇರುವಲ್ಲಿಗೇ ಬರುತ್ತವೆ.

ದಿನದ ಯಾವ ಹೊತ್ತು ಒಳ್ಳೆಯದು? ಎಷ್ಟು ದಿನಕ್ಕೊಮ್ಮೆ?

ತಿಗಣೆಗಳಿಗೆ ಬೆಳಗಿನ ತಂಪು ಹೊತ್ತು, ಸುಮಾರು 10 ಗಂಟೆಯೊಳಗೆ. ಬಿಸಿಲೇರಿದ ಮೇಲೆ ಅವು ಚುರುಕಾಗಿ ಹಾರುತ್ತವೆ ಅಥವಾ ಎಲೆಗಳ ಅಡಿಗೆ ಇಳಿಯುತ್ತವೆ. ಬಲೆ ಬೀಸುವವರು ಇಬ್ಬನಿ ಆರುವ ತನಕ ಕಾಯಬೇಕು. ತಂಬಾಕು ಕೀಡೆ ದೊಡ್ಡದಾದಂತೆ ರಾತ್ರಿ ತಿಂದು ಹಗಲು ಬುಡದ ಮಣ್ಣಿನ ಬಿರುಕಲ್ಲಿ, ಒಣ ಎಲೆಯಡಿ ಅಡಗುತ್ತದೆ. ಎಲೆ ಖಾಲಿಯಾಗುತ್ತಿದೆ, ಬಟ್ಟೆಗೆ ಮಾತ್ರ ಏನೂ ಬೀಳುತ್ತಿಲ್ಲ ಅಂದರೆ ಬುಡ ಕೆದಕಿ ನೋಡಿ. ಇಲ್ಲವೇ ಸಂಜೆ ಬನ್ನಿ.

ಹೂ ಬಿಡುವ ತನಕ ವಾರಕ್ಕೊಮ್ಮೆ ಸಾಕು. ಹೂವಿನಿಂದ ಕಾಳು ತುಂಬುವ ತನಕ ವಾರಕ್ಕೆ ಎರಡು ಸಲ. ಯಾವತ್ತೂ ಒಂದೇ ಹೊತ್ತಿಗೆ ಹೋಗುವುದು ರೂಢಿಯಾದರೆ ವಾರದಿಂದ ವಾರಕ್ಕೆ ಹೋಲಿಸಲು ಸುಲಭ.

ಬೆಳೆಯ ಹಂತ ತಿಳಿಯುವುದು ಹೇಗೆ? ಅದು ಅಷ್ಟು ಮುಖ್ಯವಾ?

ತುಂಬಾ ಮುಖ್ಯ. ಜಗತ್ತಿನೆಲ್ಲೆಡೆ ಬಳಸುವ ಕ್ರಮ 1977ರಲ್ಲಿ ಫೇರ್ ಮತ್ತು ಕ್ಯಾವಿನೆಸ್ ಕೊಟ್ಟದ್ದು. ಹೂವಿಗಿಂತ ಮೊದಲಿನದು ವಿ ಹಂತಗಳು, ಆಮೇಲಿನದು ಆರ್ ಹಂತಗಳು. ಮೊದಲ ಹೂವು ಬಿಟ್ಟರೆ ಆರ್1. ತುದಿಯ ನಾಲ್ಕು ಗೆಣ್ಣುಗಳಲ್ಲಿ ಒಂದರಲ್ಲಿ ಅರ್ಧ ಸೆಂಟಿಮೀಟರ್ ಕಾಯಿ ಕಂಡರೆ ಆರ್3, ಅಲ್ಲೇ ಕಾಯಿ 2 ಸೆಂಟಿಮೀಟರ್ ಆದರೆ ಆರ್4. ಕಾಯಿಯೊಳಗೆ ಕಾಳು 3 ಮಿಲಿಮೀಟರ್ ಆದರೆ ಆರ್5, ಹಸಿ ಕಾಳು ಕಾಯಿಯ ಗೂಡು ತುಂಬಿದರೆ ಆರ್6. ಒಂದು ಕಾಯಿ ಮಾಗಿದ ಬಣ್ಣಕ್ಕೆ ತಿರುಗಿದರೆ ಆರ್7.

ಎಲೆ ತಿನ್ನುವ ಹುಳುವಿಗೆ ವಿ ಹಂತದಲ್ಲಿ ಗಿಡ ತುಂಬಾ ತಡೆದುಕೊಳ್ಳುತ್ತದೆ, ಮುಂದೆ ಹೊಸ ಎಲೆ ಬರುವುದಿದೆ. ಆರ್3ರಿಂದ ಆರ್5ರ ನಡುವೆ ಆ ತಾಳಿಕೆ ಇಳಿಯುತ್ತದೆ. ತಿಗಣೆಯ ಕತೆ ಬೇರೆ. ಕಾಯಿಯೇ ಇಲ್ಲದಾಗ ತಿಗಣೆ ಹೊಲದಲ್ಲಿದ್ದರೂ ಚಿಂತೆ ಕಡಿಮೆ. ಕಾಯಿ ಬಂದ ದಿನದಿಂದ ಅದು ಹೊಲದ ಅತಿ ದುಬಾರಿ ಕೀಟ.

ಎಲೆ ಎಷ್ಟು ಪರ್ಸೆಂಟ್ ಹೋಗಿದೆ ಎಂದು ಅಂದಾಜು ಮಾಡುವುದು ಹೇಗೆ?

ಇಲ್ಲೇ ಎಲ್ಲರೂ ಎಡವುವುದು. 10 ಪರ್ಸೆಂಟ್ ಹೋದ ಎಲೆಯನ್ನು ತೋರಿಸಿದರೆ 25, 30 ಅನ್ನುತ್ತಾರೆ. ತೂತು ಕಣ್ಣಿಗೆ ಹೊಡೆಯುತ್ತದೆ, ಉಳಿದ ಎಲೆ ಹೊಡೆಯುವುದಿಲ್ಲ. ಮೇಲಾಗಿ ನಾವು ನೋಡುವುದು ಮೇಲಿನ ಎಲೆ ಮಾತ್ರ.

ಹೀಗೆ ಮಾಡಿ. ಹೊಲದ ಬೇರೆ ಬೇರೆ ಕಡೆಯ ಹತ್ತು ಗಿಡ ಆರಿಸಿ. ಪ್ರತಿ ಗಿಡದ ಮೇಲೆ, ನಡು, ಕೆಳಗಿನಿಂದ ಒಂದೊಂದು ಮೂರೆಲೆಯ ಗೊಂಚಲು ಕೀಳಿ. ಪ್ರತಿ ಗೊಂಚಲಿನಲ್ಲಿ ಅತಿ ಹೆಚ್ಚು ತಿಂದ ಎಲೆ ಮತ್ತು ಅತಿ ಕಡಿಮೆ ತಿಂದ ಎಲೆ ತೆಗೆದುಹಾಕಿ. ಉಳಿದ ಒಂದೊಂದು ಎಲೆಯನ್ನು ಸಾಲಾಗಿ ಜೋಡಿಸಿ. ಎಲ್ಲವನ್ನೂ ಒಟ್ಟಿಗೆ ನೋಡಿ ಸರಾಸರಿ ಅಂದಾಜಿಸಿ. ಪಕ್ಕದಲ್ಲಿ 5, 10, 20, 30 ಪರ್ಸೆಂಟ್ ಹಾನಿಯ ಎಲೆಗಳ ಚಿತ್ರ ಇಟ್ಟುಕೊಂಡರೆ ಕಣ್ಣು ಹದಕ್ಕೆ ಬರುತ್ತದೆ.

ಹೂವಿಗಿಂತ ಮೊದಲು 30 ಪರ್ಸೆಂಟ್ ತನಕ ಬಿಡಬಹುದು ಎಂಬುದು ಹಲವು ದೇಶಗಳಲ್ಲಿ ಒಪ್ಪಿದ ಮಟ್ಟ. ಹೂವಿನ ನಂತರ ಅಮೆರಿಕದ ಬಹಳ ರಾಜ್ಯಗಳಲ್ಲಿ 20, ಬ್ರೆಜಿಲ್‌ನಲ್ಲಿ 15. ಒಂದು ಷರತ್ತು ಇದೆ. ಎಲೆ ಹೋಗಿದ್ದರೆ ಸಾಲದು, ತಿಂದ ಹುಳು ಇನ್ನೂ ಅಲ್ಲಿರಬೇಕು. ಹುಳು ಕೋಶ ಕಟ್ಟಿ ತಿನ್ನುವುದು ನಿಲ್ಲಿಸಿದ ಮೇಲೆ ಹೊಡೆದರೆ ಹೋದ ಎಲೆ ವಾಪಸ್ ಬರುವುದಿಲ್ಲ.

ಚಿಕ್ಕ ಕೀಡೆ, ದೊಡ್ಡ ಕೀಡೆ ಎಲ್ಲ ಒಂದೇ ಲೆಕ್ಕವಾ?

ಅಲ್ಲ. ಕೀಡೆ ತನ್ನ ಜೀವಮಾನದಲ್ಲಿ ತಿನ್ನುವ ಎಲೆಯ ಬಹುಪಾಲನ್ನು ಕೊನೆಯ ಎರಡು ಹಂತಗಳಲ್ಲೇ ತಿನ್ನುತ್ತದೆ. ಹಾಗಾಗಿ ಎರಡು ಸಾಲು ಮಾಡಿ ಬರೆಯಿರಿ: ಒಂದೂವರೆ ಸೆಂಟಿಮೀಟರ್‌ಗಿಂತ ಚಿಕ್ಕವು, ಅದಕ್ಕಿಂತ ದೊಡ್ಡವು. ಎಲೆ ತಿನ್ನುವ ಕೀಡೆಯ ಮಟ್ಟಗಳು ಸಾಮಾನ್ಯವಾಗಿ ದೊಡ್ಡವಕ್ಕೆ. ಚಿಕ್ಕವು ಸಿಕ್ಕಾಪಟ್ಟೆ ಇದ್ದು ದೊಡ್ಡವು ಇಲ್ಲದಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಬನ್ನಿ. ಅಷ್ಟರಲ್ಲಿ ಎಷ್ಟೋ ಸತ್ತಿರುತ್ತವೆ. ವೈರಸ್ ಔಷಧಿ ಅಥವಾ ಬಿಟಿ (ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿ) ಹೊಡೆಯುವ ಯೋಚನೆ ಇದ್ದರೆ ಮಾತ್ರ ಇಷ್ಟು ಕಾಯಬೇಡಿ. ಅವು ಕೆಲಸ ಮಾಡುವುದು ಚಿಕ್ಕ ಕೀಡೆಯ ಮೇಲೆಯೇ.

ತಂಬಾಕು ಕೀಡೆಯ ಮರಿಗಳು ಗುಂಪಲ್ಲಿ ಸಿಕ್ಕರೆ ಎಣಿಸುತ್ತಾ ಕೂರಬೇಡಿ. ಆ ಎಲೆಯನ್ನೇ ಕಿತ್ತು ನಾಶ ಮಾಡಿ. ನೂರಾರು ಹುಳು ಒಂದೇ ಕೈಗೆ ಸಿಗುವುದು ಅವತ್ತು ಮಾತ್ರ.

ಸರಿ, ಎಷ್ಟಾದರೆ ಹೊಡೆಯಬೇಕು? ಸಂಖ್ಯೆ ಹೇಳಿ.

ನಿಮ್ಮ ಪ್ರದೇಶದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಸಂಖ್ಯೆಯೇ ಮೊದಲು. ಕೀಟ, ತಳಿ, ಬೆಲೆ ಎಲ್ಲ ಬೇರೆ. ಸಂಖ್ಯೆಗಳು ಹೇಗಿರುತ್ತವೆ ಎಂದು ತಿಳಿಯಲು ಬ್ರೆಜಿಲ್‌ನ ಬಟ್ಟೆ ಲೆಕ್ಕ ನೋಡಿ, ಎಲ್ಲವೂ ಒಂದು ಮೀಟರ್ ಸಾಲಿಗೆ. ಎಲೆ ಮಾತ್ರ ತಿನ್ನುವ, ಒಂದೂವರೆ ಸೆಂಟಿಮೀಟರ್ ದಾಟಿದ ಕೀಡೆ 20. ಎಲೆಯನ್ನೂ ಕಾಯಿಯನ್ನೂ ತಿನ್ನುವ ಸ್ಪೊಡಾಪ್ಟೆರಾ ಜಾತಿಗೆ 10. ಕಾಯಿ ಕೊರೆಯುವ ಹೆಲಿಕೋವರ್ಪಾಕ್ಕೆ ಹೂವಿಗೆ ಮೊದಲು 4, ಆಮೇಲೆ 2. ತಿಗಣೆಗೆ 2, ಬೆಳೆ ಬಿತ್ತನೆ ಬೀಜಕ್ಕಾದರೆ 1. ತಿಗಣೆ ಎಣಿಸುವಾಗ ಅರ್ಧ ಸೆಂಟಿಮೀಟರ್ ದಾಟಿದ ಮರಿಗಳೂ ಸೇರಬೇಕು.

ಇಪ್ಪತ್ತರಿಂದ ಒಂದಕ್ಕೆ ಇಳಿಯುವ ಈ ಸಾಲನ್ನು ಒಮ್ಮೆ ಮತ್ತೆ ಓದಿ. ಹುಳು ಕಾಳಿಗೆ ಹತ್ತಿರವಾದಷ್ಟೂ ಸಂಖ್ಯೆ ಇಳಿದಿದೆ. ಹುಳುವಿನ ಗುರುತು ತಪ್ಪಿದರೆ ಎಣಿಕೆ ಎಷ್ಟು ಸರಿಯಿದ್ದರೂ ತೀರ್ಮಾನ ತಪ್ಪುತ್ತದೆ.

ಸಸ್ಯಹೇನು ಗಿಡಕ್ಕೆ ನೂರಾರು ಇರುತ್ತವೆ. ಅವನ್ನೆಲ್ಲ ಎಣಿಸಬೇಕಾ?

ಬೇಡ. ಅಮೆರಿಕದ ಮಟ್ಟ ಹೀಗಿದೆ: ಸರಾಸರಿ ಗಿಡಕ್ಕೆ 250 ಹೇನು, 80 ಪರ್ಸೆಂಟ್‌ಗಿಂತ ಹೆಚ್ಚು ಗಿಡಗಳಲ್ಲಿ ಹೇನು, ಮತ್ತು ಸಂಖ್ಯೆ ಏರುತ್ತಿರಬೇಕು. ಇದು ಆರ್5 ಹಂತದವರೆಗೆ. ಪ್ರತಿ ಗಿಡದಲ್ಲಿ 250 ಎಣಿಸುವುದು ಯಾರಿಂದಲೂ ಆಗದ ಕೆಲಸ. ಅದಕ್ಕೆ ಅಲ್ಲಿಯವರು ಒಂದು ಒಳದಾರಿ ಮಾಡಿದರು. ಗಿಡದಲ್ಲಿ 40 ಹೇನು ಎಣಿಸಿದ ಕೂಡಲೇ ನಿಲ್ಲಿಸಿ, ಆ ಗಿಡಕ್ಕೆ ‘ಹೌದು’ ಎಂದು ಗುರುತು ಹಾಕಿ. 40 ಆಗದಿದ್ದರೆ ‘ಇಲ್ಲ’. ಹೀಗೆ 11 ಗಿಡ ನೋಡಿ. ‘ಹೌದು’ 6 ಅಥವಾ ಕಡಿಮೆ ಇದ್ದರೆ ಹೊಡೆಯುವುದು ಬೇಡ, ಮನೆಗೆ ಹೋಗಿ. ಹನ್ನೊಂದಕ್ಕೆ ಹನ್ನೊಂದೂ ‘ಹೌದು’ ಆದರೆ ಹೊಡೆಯುವ ಮಟ್ಟ. 7ರಿಂದ 10ರ ನಡುವೆ ಸಿಕ್ಕಿಹಾಕಿಕೊಂಡರೆ ಇನ್ನೂ 5 ಗಿಡ ನೋಡಿ, ಈ ವಿಧಾನಕ್ಕೆ ಅಲ್ಲಿಯವರು ಕೊಟ್ಟಿರುವ ಕೋಷ್ಟಕದಂತೆ ಮುಂದುವರಿಯಿರಿ. 31 ಗಿಡ ಆದರೂ ಬಗೆಹರಿಯದಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಬನ್ನಿ.

ಹೀಗೆ ಹಂತ ಹಂತವಾಗಿ ನೋಡುತ್ತಾ, ಉತ್ತರ ಸ್ಪಷ್ಟವಾದ ಕೂಡಲೇ ನಿಲ್ಲಿಸುವ ಲೆಕ್ಕಶಾಸ್ತ್ರವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ರೂಪಿಸಿದರು. ಯುದ್ಧ ಸಾಮಗ್ರಿಯ ತಪಾಸಣೆಗೆ ಬಂದ ಉಪಾಯ ಹೇನಿಗೂ ಒದಗಿತು ನೋಡಿ. ಹುಳು ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಇರುವ ಹೊಲದಲ್ಲಿ ಬೇಗ ಕೆಲಸ ಮುಗಿಯುತ್ತದೆ, ಗೊಂದಲ ಇರುವಲ್ಲಿ ಮಾತ್ರ ಸಮಯ ಹೋಗುತ್ತದೆ.

ಕಾಂಡ ನೊಣ, ಗರ್ಡಲ್ ಬೀಟಲ್ ಬಟ್ಟೆಗೆ ಬೀಳುತ್ತವಾ?

ಇಲ್ಲ, ಅವುಗಳ ಮರಿಗಳು ಗಿಡದೊಳಗೆ ಇರುತ್ತವೆ. ಕಾಂಡ ನೊಣ ಎರಡು ಮಿಲಿಮೀಟರ್‌ನ ಹೊಳೆಯುವ ಕಪ್ಪು ನೊಣ. ಮರಿ ಎಲೆಯ ನರದಿಂದ ತೊಟ್ಟಿಗೆ, ತೊಟ್ಟಿನಿಂದ ಕಾಂಡಕ್ಕೆ ಇಳಿಯುತ್ತದೆ. ಹೊರಗಿನಿಂದ ಗಿಡ ಚೆನ್ನಾಗೇ ಕಾಣುತ್ತದೆ. ಹತ್ತು ಗಿಡ ಕಿತ್ತು, ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ನಡುವಿನ ಬಿಳಿ ತಿರುಳು ಕೆಂಪು ಕಂದಾಗಿ ಸುರಂಗವಾಗಿದ್ದರೆ ನೊಣ ಬಂದಿದೆ. ಕಾಂಡದ ಒಟ್ಟು ಉದ್ದ ಮತ್ತು ಸುರಂಗದ ಉದ್ದ ಎರಡನ್ನೂ ಅಳೆದು ಬರೆಯಿರಿ. ಆದರೆ ಒಳಗೆ ಹೋದ ಮರಿಗೆ ಮೇಲಿನ ಸಿಂಪರಣೆ ಅಷ್ಟಾಗಿ ತಟ್ಟುವುದಿಲ್ಲ. ಈ ಎಣಿಕೆಯ ನಿಜವಾದ ಉಪಯೋಗ ಮುಂದಿನ ಹಂಗಾಮಿಗೆ, ಬೀಜೋಪಚಾರ ಬೇಕೋ ಬೇಡವೋ ಎಂದು ತೀರ್ಮಾನಿಸಲು.

ಗರ್ಡಲ್ ಬೀಟಲ್ ಕಾಂಡದ ಅಥವಾ ತೊಟ್ಟಿನ ಸುತ್ತ ಎರಡು ಉಂಗುರ ಕೊರೆದು ನಡುವೆ ಮೊಟ್ಟೆ ಇಡುತ್ತದೆ. ಉಂಗುರದ ಮೇಲಿನ ಭಾಗ ಬಾಡಿ ಜೋತು ಬೀಳುತ್ತದೆ. ಇಲ್ಲಿ ಹುಳುವಿನ ಬದಲು ಗಿಡ ಎಣಿಸಬೇಕು: ಮೀಟರ್ ಸಾಲಿನಲ್ಲಿ ಗಿಡ ಎಷ್ಟು, ಉಂಗುರ ಬಿದ್ದವು ಎಷ್ಟು. ಬಾಡಿದ ಭಾಗವನ್ನು ಕೆಳ ಉಂಗುರಕ್ಕಿಂತ ಕೆಳಗೆ ಮುರಿದು ಹೊರಗೆ ಹಾಕಿದರೆ ಮೊಟ್ಟೆಯೂ ಹೋಗುತ್ತದೆ.

ಬಿಳಿ ನೊಣಕ್ಕೂ ಇದೇ ಮಟ್ಟದ ಲೆಕ್ಕವಾ?

ಬಿಳಿ ನೊಣ ರಸ ಹೀರುವುದಕ್ಕಿಂತ ಹಳದಿ ನಂಜು ರೋಗ ಹರಡುವುದು ದೊಡ್ಡ ತೊಂದರೆ. ರೋಗ ಹೊತ್ತು ತಂದ ಕೆಲವೇ ನೊಣ ಸಾಕು. ಹಾಗಾಗಿ ರೋಗ ಇರುವ ಕಡೆ ಸಂಖ್ಯೆ ನೋಡಿ ಕಾಯುವುದಕ್ಕಿಂತ ತಡೆದುಕೊಳ್ಳುವ ತಳಿ, ಮೊದಮೊದಲ ರೋಗದ ಗಿಡ ಕೀಳುವುದು ಇವೇ ಹೆಚ್ಚು ನೆರವಾಗುತ್ತವೆ. ಎಣಿಸುವುದಾದರೆ ಬೆಳಿಗ್ಗೆ ಬೇಗ, ಎಲೆಯನ್ನು ಮೆಲ್ಲಗೆ ತಿರುಗಿಸಿ ಅಡಿಭಾಗ ನೋಡಿ. ಹಳದಿ ಅಂಟು ಬಲೆಯಿಂದ ನೊಣ ಬಂದ ಸುಳಿವು ಸಿಗುತ್ತದೆ.

ಮೋಹಕ ಬಲೆಯಲ್ಲಿ ರಾಶಿ ಪತಂಗ ಬಿದ್ದಿವೆ. ಹೊಡೆಯಲಾ?

ಈಗಲೇ ಬೇಡ. ಮೋಹಕ ಬಲೆ ಸೆಳೆಯುವುದು ಹೆಣ್ಣು ಪತಂಗದ ವಾಸನೆಯಿಂದ, ಅದಕ್ಕೆ ಬೀಳುವುದು ಗಂಡು ಪತಂಗಗಳು. ಅವು ನಿಮ್ಮ ಹೊಲದಲ್ಲೇ ಹುಟ್ಟಿದವೋ ದೂರದಿಂದ ಬಂದವೋ ಬಲೆ ಹೇಳುವುದಿಲ್ಲ. ಬಲೆಯಿಂದ ಗೊತ್ತಾಗುವುದು ಕಾಲ. ಪತಂಗ ಏಕಾಏಕಿ ಏರಿದರೆ ಮುಂದಿನ ದಿನಗಳಲ್ಲಿ ಮೊಟ್ಟೆ, ಎಳೆ ಮರಿ ಹುಡುಕಲು ಹೊಲಕ್ಕೆ ಇಳಿಯಿರಿ. ತೀರ್ಮಾನ ಅಲ್ಲಿ ಸಿಗುವ ಎಣಿಕೆಯದ್ದು.

ಮಿತ್ರ ಕೀಟಗಳನ್ನೂ ಎಣಿಸಬೇಕಾ?

ಬಟ್ಟೆ ಹಾಸಿದ್ದೀರಿ, ಅವೂ ಅಲ್ಲೇ ಬಿದ್ದಿವೆ, ಒಂದು ಗೆರೆ ಬರೆಯಲು ಎಷ್ಟು ಹೊತ್ತು? ಗುಲಗಂಜಿ ಹುಳು ಮತ್ತು ಅದರ ಮೊಸಳೆಯಂತಹ ಮರಿ, ಜೇಡ, ಕ್ರೈಸೋಪ (ಜಾಲರಿಯಂಥ ರೆಕ್ಕೆಯ ಹಸಿರು ಕೀಟ) ಎಲ್ಲ ಬರೆಯಿರಿ. ಸತ್ತ ಕೀಡೆಗಳನ್ನು ಇನ್ನೂ ಗಮನವಿಟ್ಟು ನೋಡಿ. ಎಲೆಗೆ ಅಂಟಿ, ಬಿಳಿ ಬೂಸಲು ಬಂದು, ಆಮೇಲೆ ತಿಳಿ ಹಸಿರು ಪುಡಿ ಮೆತ್ತಿದಂತಾಗಿ ಗಟ್ಟಿಯಾಗಿದ್ದರೆ ಅದು ನೊಮುರಿಯಾ ಶಿಲೀಂಧ್ರದ ಕೆಲಸ. ತಲೆಕೆಳಗಾಗಿ ಜೋತು, ಮುಟ್ಟಿದರೆ ರಸ ಸೋರಿದರೆ ಎನ್‌ಪಿವಿ ವೈರಸ್. ಮೋಡ, ತೇವ ಮುಂದುವರಿದಿದ್ದು ಹೀಗೆ ಬೂಸಲು ಹಿಡಿದ ಕೀಡೆಗಳು ಹೆಚ್ಚುತ್ತಿದ್ದರೆ ಮಟ್ಟದ ಹತ್ತಿರ ಇದ್ದರೂ ಎರಡು ಮೂರು ದಿನ ನೋಡುವುದು ಜಾಣತನ. ಅಂಥ ಸಮಯದಲ್ಲಿ ಕೀಡೆಯ ಗುಂಪು ತಾನಾಗಿ ಕುಸಿದು ಹೋಗಬಹುದು.

ಒಂದೊಂದು ಕೀಟವೂ ಮಟ್ಟಕ್ಕಿಂತ ಕಡಿಮೆ, ಆದರೆ ನಾಲ್ಕೈದು ಬಗೆ ಒಟ್ಟಿಗೆ ಇವೆ. ಆಗ?

ಹಾನಿಯ ಬಗೆ ಒಂದೇ ಇದ್ದರೆ ಕೂಡಿಸಿ. ಎಲೆ ತಿನ್ನುವ ಎಲ್ಲ ಕೀಡೆ, ದುಂಬಿಗಳಿಗೆ ಎಲೆ ನಷ್ಟದ ಪರ್ಸೆಂಟ್ ಒಂದೇ ಅಳತೆಗೋಲು, ಯಾರು ತಿಂದರು ಎಂಬುದು ಅಲ್ಲಿ ಅಷ್ಟು ಮುಖ್ಯವಲ್ಲ. ತಿಗಣೆಯ ಬೇರೆ ಬೇರೆ ಜಾತಿಗಳನ್ನೂ ಕೂಡಿಸಬಹುದು. ಎಲೆ ತಿನ್ನುವುದಕ್ಕೂ ಕಾಯಿ ಚುಚ್ಚುವುದಕ್ಕೂ ಮಾತ್ರ ಲೆಕ್ಕ ಬೆರೆಸಬೇಡಿ.

ಹೇಗೂ ಶಿಲೀಂಧ್ರನಾಶಕ ಹೊಡೀತಿದೀನಿ. ಕೀಟನಾಶಕವನ್ನೂ ಸೇರಿಸಿಬಿಡಲಾ?

ಈ ‘ಹೇಗೂ’ ಬಹಳ ಹೊಲಗಳನ್ನು ಕೆಡಿಸಿದೆ. ಕೀಟ ಮಟ್ಟದಲ್ಲಿ ಇಲ್ಲದಾಗ ಸೇರಿಸಿದ ಕೀಟನಾಶಕ ಕೊಲ್ಲುವುದು ಮುಖ್ಯವಾಗಿ ಮಿತ್ರ ಕೀಟಗಳನ್ನು. ಪೈರೆಥ್ರಾಯ್ಡ್ ಬಗೆಯ ಕೀಟನಾಶಕ ಹೊಡೆದು, ಮೇಲಿಂದ ಒಣ ಬಿಸಿಲು ಬಂದರೆ ಜೇಡನುಸಿ ಸಿಡಿದೇಳಬಹುದು. ಹೊಡೆಯುವ ಮುನ್ನಾ ದಿನ ಆರು ಕಡೆ ಬಟ್ಟೆ ಹಾಸಿ ನೋಡಿ. ಬೇಕೆಂದರೆ ಸೇರಿಸಿ.

ಹೊಡೆದ ಮೇಲೆ ಮತ್ತೆ ಯಾವಾಗ ನೋಡಬೇಕು?

ಔಷಧಿಯ ಲೇಬಲ್‌ನಲ್ಲಿ ಹೊಲಕ್ಕೆ ಮರಳಲು ಹೇಳಿದ ಅವಧಿ ಮುಗಿದ ಮೇಲೆ, ಸಾಮಾನ್ಯವಾಗಿ ಮೂರನೇ ದಿನ ಒಮ್ಮೆ, ಏಳನೇ ದಿನ ಒಮ್ಮೆ. ಅದೇ ವಿಧಾನ, ಅದೇ ಹೊತ್ತು. ವೈರಸ್, ಬಿಟಿ, ಪೊರೆ ಬಿಡುವುದನ್ನು ತಡೆಯುವ ಔಷಧಿಗಳು ನಿಧಾನ. ಮೂರನೇ ದಿನ ಹುಳು ಜೀವಂತ ಇದ್ದರೂ ತಿನ್ನುತ್ತಿದೆಯಾ ನೋಡಿ. ಹಸಿ ಹಿಕ್ಕೆ, ಹೊಸ ತೂತು ಇಲ್ಲದಿದ್ದರೆ ಔಷಧಿ ಕೆಲಸ ಮಾಡುತ್ತಿದೆ. ಒಂದೆರಡು ಮೀಟರ್ ಪಟ್ಟಿಯನ್ನು ಹೊಡೆಯದೆ ಬಿಟ್ಟಿದ್ದರೆ ಹೋಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಅಲ್ಲೂ ಹುಳು ಇಳಿದಿದ್ದರೆ ಇಳಿಸಿದ್ದು ಔಷಧಿ ಅಲ್ಲ.

ಡ್ರೋನ್, ಮೊಬೈಲ್ ಫೋಟೋ ಇದ್ದರೆ ಇದೆಲ್ಲ ಬೇಕಾ?

ಮೇಲಿನಿಂದ ತೆಗೆದ ಚಿತ್ರ ಎಲ್ಲಿ ಬಣ್ಣ ಬದಲಾಗಿದೆ ಎಂದು ತೋರಿಸುತ್ತದೆ, ಆ ಜಾಗಕ್ಕೆ ನೇರ ಹೋಗಬಹುದು. ಎಲೆಯಡಿಯ ತಿಗಣೆ ಮರಿಯನ್ನು ಅದು ಎಣಿಸುವುದಿಲ್ಲ. ಹುಳುವಿನ ಗುರುತಿಗೆ ಮೊಬೈಲ್ ಫೋಟೋ ಬಹಳ ಉಪಯೋಗ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆದರೆ ಗಾತ್ರವೂ ಗೊತ್ತಾಗುತ್ತದೆ.

ಎಣಿಸುವುದನ್ನು ಯಾವಾಗ ನಿಲ್ಲಿಸಬಹುದು?

ಕೀಟದ ಮೇಲೆ ಹೋಗುತ್ತದೆ. ಸಸ್ಯಹೇನಿನ ಮಟ್ಟ ಆರ್5ರ ನಂತರಕ್ಕೆ ಹೊಂದುವುದಿಲ್ಲ. ಎಲೆ ತಿನ್ನುವವನ್ನು ಕಾಳು ಪೂರ್ತಿ ತುಂಬಿ ಕೆಳಗಿನ ಎಲೆ ಹಳದಿಯಾಗುವ ತನಕ ನೋಡಬೇಕು. ತಿಗಣೆ ಮತ್ತು ಕಾಯಿ ಕೊರಕವನ್ನು ಆರ್7 ತನಕ. ಆಮೇಲೆ ಸಿಕ್ಕರೂ ಹೊಡೆಯುವ ಮುಂಚೆ ಲೇಬಲ್ ತೆಗೆದು ನೋಡಿ: ಹೊಡೆದ ದಿನದಿಂದ ಕೊಯ್ಲಿಗೆ ಇಷ್ಟು ದಿನ ಬಿಡಬೇಕು ಎಂದು ಬರೆದಿರುತ್ತದೆ. ಅಷ್ಟು ದಿನ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಹೊಡೆಯುವ ಮಾತೇ ಬರುವುದಿಲ್ಲ.